ಗಾಂಧಿ ಕ್ಲಾಸ್: ಜೇಡರ ಲೋಕಕ್ಕೆ ಕ್ಲೈಮ್ಯಾಕ್ಸ್ ಯಾರು ಬರೀತೀರಿ?

ಹೋದ ತಿಂಗಳು ಒಂದು ಗುರುವಾರ ಸಂಜೆ ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಹಿಂದಿನಿಂದ ಯಾರೋ ಹೆಗಲು ಮುಟ್ಟಿದರು. ತಿರುಗಿ ನೋಡಿದರೆ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಮೈಮೇಲೆ ಫ್ಯಾಕ್ಟರಿ ಯೂನಿಫಾರಂ, ಕೈಯಲ್ಲಿ ಸುರುಳಿ ಸುತ್ತಿದ ನಮ್ಮ ವಾರಪತ್ರಿಕೆ.

“ಅಣ್ಣ, ಗಾಂಧಿ ಕ್ಲಾಸ್ ಬರೆಯೋರು ನೀವೇ ತಾನೆ? ಫೋಟೋದಲ್ಲಿ ಇನ್ನೂ ದಪ್ಪ ಇದ್ದೀರಿ!”

ಫೋಟೋ ಹಳೇದು ಕಣಪ್ಪ, ಸಂಭಾವನೆ ಇನ್ನೂ ಹಳೇದು ಅಂತ ನಕ್ಕೆ. ಅವನು ನಗಲಿಲ್ಲ. ಬ್ಯಾಗಿನಿಂದ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟ. “ಸ್ಕ್ರಿಪ್ಟು ಅಣ್ಣ. ಎಲ್ಲಾ ಬರ್ದಿದೀನಿ. ಕ್ಲೈಮ್ಯಾಕ್ಸ್ ಮಾತ್ರ ಬರ್ತಾ ಇಲ್ಲ.”

ನಿಜ ಹೇಳಿಬಿಡುತ್ತೇನೆ. ಸ್ಕ್ರಿಪ್ಟು ಅಂದರೆ ನನಗೆ ಜ್ವರ ಬರುತ್ತದೆ. ನನ್ನ ರೂಮಿನ ಟ್ರಂಕಿನಲ್ಲಿ ಇಂಥವು ಹದಿನಾಲ್ಕು ಬಿದ್ದಿವೆ. ಹದಿನಾಲ್ಕರಲ್ಲೂ ಹೀರೋ ಅನಾಥ, ಹೀರೋಯಿನ್ ಸಾಹುಕಾರನ ಮಗಳು, ಇಂಟರ್‌ವಲ್ಲಿನಲ್ಲಿ ಮಳೆ. ಇದು ಹದಿನೈದನೆಯದು ಅಂದುಕೊಂಡೇ ತೆಗೆದುಕೊಂಡೆ. ರಾತ್ರಿ ಊಟ ಮುಗಿಸಿ ಎರಡು ಪುಟ ನೋಡಿ ಮಲಗೋಣ ಅಂತ ಕೂತವನು, ಕೊನೇ ಪುಟ ತಿರುಗಿಸಿದಾಗ ಗಂಟೆ ಎರಡೂವರೆ!

ಕಪಿಲಾ ನದಿ ಕೆಳಗೊಂದು ಊರು

ಕಥೆ ಕೇಳಿ. ನಮ್ಮ ನಂಜನಗೂಡಿನಲ್ಲಿ ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ದಳವಾಯಿ ಸೇತುವೆ ಇದೆಯಲ್ಲ, ಅದರ ಕಲ್ಲಿನ ಕಂಬದ ಬುಡದಲ್ಲಿ ಒಂದು ಬಿಲ. ಆ ಬಿಲದೊಳಗೆ ಇಳಿದರೆ ನೆಲದಡಿ ಇಡೀ ಒಂದು ಊರು. ಅಲ್ಲಿರುವವರು ಜೇಡರು. ಮುಖ, ಮಾತು, ಅಳು, ನಗು ಎಲ್ಲ ಮನುಷ್ಯರದ್ದೇ. ಕೈಕಾಲು ಮಾತ್ರ ಎಂಟು: ಎರಡು ಕಾಲು, ಆರು ಕೈ. ಅವರು ಕತ್ತಲಲ್ಲಿ ಕೂತು ನೇಯುತ್ತಾರೆ. ನೇಯ್ದ ಬಟ್ಟೆ ರಾತ್ರಿ ಹೊತ್ತು ಮೇಲಕ್ಕೆ ಹೋಗುತ್ತದೆ. ಮೇಲಿನ ಜನ ಆ ಬಟ್ಟೆ ಉಟ್ಟು ಮದುವೆಯಾಗುತ್ತಾರೆ, ಜಾತ್ರೆಗೆ ಹೋಗುತ್ತಾರೆ. ಆದರೆ ಒಬ್ಬ ಜೇಡ ಎದುರಿಗೆ ಬಂದರೆ ಚಪ್ಪಲಿ ತೆಗೆಯುತ್ತಾರೆ!

ನಾಯಕನ ಹೆಸರು ಊರ್ಣ. ಅವನಿಗೆ ಬಿಸಿಲು ನೋಡುವ ಆಸೆ. ಹಿರಿಯರು ಬೇಡ ಅಂದರೂ ಕೇಳದೆ ಮೇಲಕ್ಕೆ ಬರುತ್ತಾನೆ. ನಾಲ್ಕು ಕೈಗಳನ್ನು ಬೆನ್ನಿಗೆ ಬಿಗಿಯಾಗಿ ಕಟ್ಟಿಕೊಂಡು, ಮೇಲೆ ದೊಗಲೆ ಶರಟು ಹಾಕಿಕೊಂಡು ಊರೊಳಗೆ ಕೆಲಸಕ್ಕೆ ಸೇರುತ್ತಾನೆ. ಸ್ನೇಹಿತರು ಸಿಗುತ್ತಾರೆ, ಒಬ್ಬ ಹುಡುಗಿಯೂ ಸಿಗುತ್ತಾಳೆ. ದಿನಾ ರಾತ್ರಿ ರೂಮಿನ ಬಾಗಿಲು ಹಾಕಿ ಶರಟು ಬಿಚ್ಚಿ ಆ ನಾಲ್ಕು ಕೈ ಬಿಡಿಸುತ್ತಾನೆ. ಜೋಮು ಹಿಡಿದಿರುತ್ತದೆ. ತಿಕ್ಕಿ ತಿಕ್ಕಿ ಜೀವ ಬರಿಸುತ್ತಾನೆ. ದಿನ ಕಳೆದ ಹಾಗೆ ತಿಕ್ಕುವ ಹೊತ್ತು ಜಾಸ್ತಿಯಾಗುತ್ತದೆ. ಒಂದು ರಾತ್ರಿ ಎಷ್ಟು ತಿಕ್ಕಿದರೂ ಒಂದು ಕೈ ಏಳುವುದಿಲ್ಲ.

ಈ ಸೀನ್ ಓದಿದಾಗ ನಾನು ಎದ್ದು ನೀರು ಕುಡಿದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕ್ಲೈಮ್ಯಾಕ್ಸ್ ಎರಡು ಬರೆದು ಎರಡನ್ನೂ ಹೊಡೆದು ಹಾಕಿದ್ದ. ಒಂದರಲ್ಲಿ ಊರ್ಣ ಬಿಲದ ಬಾಯಿಗೆ ಕಲ್ಲು ತುಂಬಿ ಮುಚ್ಚಿ, ನಾಲ್ಕು ಕೈ ಕತ್ತರಿಸಿಕೊಂಡು ಹುಡುಗಿಯ ಕತ್ತಿಗೆ ತಾಳಿ ಕಟ್ಟುತ್ತಾನೆ. ಇನ್ನೊಂದರಲ್ಲಿ ಹುಡುಗಿಯನ್ನು ಬಿಟ್ಟು ಬಿಲದೊಳಗಿಳಿದು ಒಳಗಿನಿಂದ ಕಲ್ಲು ಎಳೆದುಕೊಳ್ಳುತ್ತಾನೆ. ಎರಡರ ಕೆಳಗೂ ಕೆಂಪು ಇಂಕಿನಲ್ಲಿ ಒಂದೇ ಮಾತು ಬರೆದಿದ್ದ: “ಸುಳ್ಳು.”

ಎಲ್ಲಿಂದ ಕದ್ದೆ ಮರಿ?

ಮಾರನೇ ದಿನ ಫೋನ್ ಮಾಡಿ ಮೊದಲು ಕೇಳಿದ್ದೇ ಇದು. ಯಾಕೆಂದರೆ ನೆಲದಡಿಯ ಜೇಡರ ಜನ ಅಂದರೆ ಇಂಗ್ಲಿಷ್‌ನಲ್ಲಿ ಹಳೇ ಸರಕು. ಅಮೆರಿಕದಲ್ಲಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಂತ ಒಂದು ಆಟ ಬಂತು. ನಾಲ್ಕಾರು ಜನ ಟೇಬಲ್ ಸುತ್ತ ಕೂತು, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಆ ಆಟದ ಲೋಕದಲ್ಲಿ ‘ಡ್ರೌ’ ಅಂತ ಒಂದು ಕುಲ. ವಾಸ ಪಾತಾಳದಲ್ಲಿ, ಮನೆದೇವರು ಜೇಡರ ರಾಣಿ. ಆ ಕುಲವನ್ನು ಬಿಟ್ಟು ಮೇಲಕ್ಕೆ ಬಂದ ಡ್ರಿಜ್ಟ್ ಎಂಬ ವೀರ, ಆರ್.ಎ. ಸಾಲ್ವಟೋರ್ ಅವರ 1988ರ ಕಾದಂಬರಿಯಿಂದ ಹೆಸರಾದ. ಅವನ ಪಾಡೂ ಇದೇ. ತನ್ನವರಿಗೆ ದ್ರೋಹಿ, ಮೇಲಿನವರಿಗೆ ಅನುಮಾನದ ಮನುಷ್ಯ. 2023ರಲ್ಲಿ ಆ ಆಟದ ಹೆಸರಲ್ಲಿ ದೊಡ್ಡ ಸಿನಿಮಾನೂ ಬಂತು.

ಹುಡುಗನಿಗೆ ಇದ್ಯಾವುದೂ ಗೊತ್ತಿಲ್ಲ. ಅವನು ನೋಡಿದ್ದು ಒಂದೇ ಒಂದು, 2023ರ ಸ್ಪೈಡರ್ ಮ್ಯಾನ್ ಕಾರ್ಟೂನ್ ಚಿತ್ರ ‘ಅಕ್ರಾಸ್ ದಿ ಸ್ಪೈಡರ್‌ವರ್ಸ್’, ಅದೂ ಕನ್ನಡದಲ್ಲಿ. ಡಬ್ಬಿಂಗ್ ಬೇಕು, ಬೇಡ ಅಂತ ನಾವು ಎಷ್ಟು ವರ್ಷ ಕಿತ್ತಾಡಿದೆವು, ನಿಮಗೇ ಗೊತ್ತು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಸ್ಪೈಡರ್ ಮ್ಯಾನೂ ಒಳಗೆ ಬಂದ. ಆ ಚಿತ್ರದಲ್ಲಿ ಪವಿತ್ರ್ ಪ್ರಭಾಕರ್ ಅಂತ ನಮ್ಮ ದೇಶದ ಹುಡುಗನೊಬ್ಬ ಜೇಡ ಆಗಿರುತ್ತಾನಲ್ಲ, ಅವನನ್ನು ನೋಡಿ ಇವನಿಗೆ ಹೊಳೆಯಿತಂತೆ. “ಅವ್ನು ಮೇಲೆ ಹಾರಾಡೋ ಜೇಡ ಅಣ್ಣ. ನಂಗೆ ಗೊತ್ತಿರೋ ಜೇಡ್ರು ಕೆಳಗಿರೋರು.”

ಕೆಳಗಿರೋರು ಅಂದರೆ? “ಭಾನುವಾರ ನಮ್ಮೂರಿಗೆ ಬನ್ನಿ, ತೋರಿಸ್ತೀನಿ” ಅಂದ.

ನನಗೆ ಆಗ ನೆನಪಾಗಿದ್ದು ‘ಬೇಡರ ಕಣ್ಣಪ್ಪ’. 1954ರ ಚಿತ್ರ, ಅಣ್ಣಾವ್ರು ಮೊದಲ ಸಲ ನಾಯಕರಾಗಿ ನಿಂತ ಚಿತ್ರ, ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ. ಅದರಲ್ಲೇ ಕಾಣಿಸಿಕೊಂಡ ಜಿ.ವಿ. ಅಯ್ಯರ್ ನಮ್ಮ ನಂಜನಗೂಡಿನಲ್ಲೇ ಹುಟ್ಟಿದವರು ಅಂತ ನಾವು ಇವತ್ತಿಗೂ ಕಾಲರ್ ಎತ್ತಿಕೊಂಡು ಹೇಳುತ್ತೇವೆ. ಕಣ್ಣಪ್ಪ ಕಣ್ಣು ಕಿತ್ತುಕೊಟ್ಟ ಜಾಗ ಶ್ರೀಕಾಳಹಸ್ತಿ. ಆ ಊರಿನ ಹೆಸರಿನಲ್ಲೇ ಮೂರು ಪ್ರಾಣಿಗಳಿವೆ ಅಂತ ಸ್ಥಳಪುರಾಣ ಹೇಳುತ್ತದೆ. ಕಾಳ ಅಂದರೆ ಹಾವು, ಹಸ್ತಿ ಅಂದರೆ ಆನೆ, ಮೊದಲಿನ ‘ಶ್ರೀ’ ಅಂದರೆ ಜೇಡ! ತನ್ನ ಮೈಯ ನೂಲಿನಿಂದಲೇ ಲಿಂಗಕ್ಕೆ ಗೋಪುರ ನೇಯ್ದು ಕೊಟ್ಟ ಜೇಡ. ದೀಪದ ಉರಿ ತಗುಲಿ ಬಲೆ ಸುಟ್ಟಾಗ ದೀಪವನ್ನೇ ನುಂಗಲು ಹೋದ ಜೇಡ. ಬೇಡನ ಕಥೆಯನ್ನು ನಾವು ಮತ್ತೆ ಮತ್ತೆ ಸಿನಿಮಾ ಮಾಡಿದೆವು. ಜೇಡನ ಕಥೆ ಸಿನಿಮಾಗೆ ಯಾರಿಗೂ ಬೇಕಾಗಲಿಲ್ಲ.

ಕೊಳ್ಳೇಗಾಲದ ಬಸ್ಸು

ಭಾನುವಾರ ಬೆಳಗ್ಗೆ ಟಿ. ನರಸೀಪುರದ ಬಸ್ ಹತ್ತಿ, ಅಲ್ಲಿಂದ ಕೊಳ್ಳೇಗಾಲಕ್ಕೆ ಹೊರಟೆವು. ನರಸೀಪುರದಲ್ಲಿ ಬಸ್ ಬದಲಾಯಿಸುವಾಗ ಹುಡುಗ ಹೇಳಿದ, ಇಲ್ಲಿ ರೇಷ್ಮೆ ನೂಲು ತೆಗೆಯುವ ಸರ್ಕಾರಿ ಫಿಲೇಚರ್ ಇದೆ, ಗೂಡು ಬೇಯಿಸಿ ಎಳೆದ ನೂಲು ಮೈಸೂರಿನ ರೇಷ್ಮೆ ಕಾರ್ಖಾನೆಗೆ ಹೋಗುತ್ತದೆ ಅಂತ. ಆ ಕಾರ್ಖಾನೆ 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ತರಿಸಿದ ವಿದ್ಯುತ್ ಮಗ್ಗಗಳಿಂದ ಶುರುವಾದದ್ದು. ಮೈಸೂರು ಸಿಲ್ಕ್ ಅಂದರೆ ಜಗತ್ತಿಗೇ ಗೊತ್ತು. “ಆ ಸೀರೆ ಮಿಷನ್ನಿನದು. ನಮ್ದು ಕೈದು” ಅಂದ. ‘ನಮ್ದು’ ಅಂದವನು ತಕ್ಷಣ ಬಾಯಿ ಮುಚ್ಚಿಕೊಂಡು ಕಿಟಕಿ ಕಡೆ ತಿರುಗಿದ.

ಕೊಳ್ಳೇಗಾಲದ ಬಗ್ಗೆ ಒಂದು ಮಾತು. ಈಗ ಚಾಮರಾಜನಗರ ಜಿಲ್ಲೆಯಲ್ಲಿರುವ ಈ ಊರು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮನೆಯಲ್ಲಿ ಕನ್ನಡ, ಸರ್ಕಾರ ಇದ್ದದ್ದು ಮದರಾಸಿನಲ್ಲಿ. ಗಡಿಯ ಆಚೆ ಇವತ್ತಿಗೂ ತಮಿಳುನಾಡಿನಲ್ಲಿ ಎಷ್ಟೋ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಮಾತಾಡುತ್ತಾರೆ. ಬೀದಿಗೆ ಬಂದರೆ ತಮಿಳು, ಓದು ತಮಿಳು, ನೋಡುವ ಸಿನಿಮಾ ತಮಿಳು. ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ, ಆ ಕನ್ನಡ ಓದಲು ಮಾತ್ರ ಬರುವುದಿಲ್ಲ. ನಾಲ್ಕು ಕೈ ಒಳಗೆ, ಎರಡು ಕೈ ಹೊರಗೆ! ಊರ್ಣನ ಕಥೆ ಕಪಿಲಾ ನದಿ ಕೆಳಗಷ್ಟೇ ನಡೆಯುತ್ತಿಲ್ಲ ಅನ್ನಿಸಿತು.

ಹುಡುಗನ ಮನೆ ಒಂದು ಓಣಿಯಲ್ಲಿ. ಹೆಂಚಿನ ಮನೆ, ತಗ್ಗು ಬಾಗಿಲು. ತಲೆ ಬಗ್ಗಿಸಿ ಒಳಗೆ ಹೋದರೆ ಮಬ್ಬುಗತ್ತಲು. ಟಕ್, ಟಕ್ ಸದ್ದು. ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದು, ಸೊಂಟದವರೆಗೆ ಮಾತ್ರ ಇರುವ ಒಬ್ಬ ಮನುಷ್ಯ!

ಹೆದರಬೇಡಿ. ಗುಂಡಿ ಮಗ್ಗ. ನೆಲದಲ್ಲಿ ಮೊಳಕಾಲು ಮುಳುಗುವಷ್ಟು ಗುಂಡಿ ತೆಗೆದಿರುತ್ತಾರೆ. ನೇಕಾರ ನೆಲದ ಮಟ್ಟದಲ್ಲಿ ಅಂಚಿನ ಮೇಲೆ ಕೂತು ಕಾಲು ಗುಂಡಿಯೊಳಗೆ ಇಳಿಬಿಡುತ್ತಾನೆ. ಕೆಳಗೆ ಕಾಲು ಹಲಗೆ ತುಳಿಯಬೇಕು, ಮೇಲೆ ಒಂದು ಕೈ ಲಾಳಿಯ ಹಗ್ಗ ಎಳೆಯಬೇಕು, ಇನ್ನೊಂದು ಕೈ ಹಣಿಗೆ ಬಡಿಯಬೇಕು. ಗುಂಡಿಯಲ್ಲೇ ಯಾಕೆ ಅಂದರೆ ಮಣ್ಣಿನ ತಂಪು. ಆ ತೇವದಲ್ಲಿ ಎಳೆ ಬೇಗ ತುಂಡಾಗುವುದಿಲ್ಲವಂತೆ. ಅಪ್ಪ ಗುಂಡಿಯಲ್ಲಿ, ಪಕ್ಕದಲ್ಲಿ ಅಮ್ಮ ರಾಟೆ ತಿರುಗಿಸುತ್ತಾ ಕಂಡಿಕೆ ಸುತ್ತುತ್ತಿದ್ದರು. ಹುಡುಗ ನನ್ನ ಕಿವಿಯಲ್ಲಿ ಹೇಳಿದ, “ಎಣಿಸಿ ಅಣ್ಣ. ಅಪ್ಪಂದು ನಾಲ್ಕು, ಅಮ್ಮಂದು ನಾಲ್ಕು.”

ಎಂಟು!

ಅವನು ಜೇಡ ಅನ್ನುವ ಪದವನ್ನೂ ಸುಮ್ಮನೆ ಆರಿಸಿರಲಿಲ್ಲ. ನಮ್ಮ ಹಳೇ ಕನ್ನಡಿಗರು ಬಲೆ ನೇಯುವ ಹುಳುವಿಗೂ ಜೇಡ ಅಂದರು, ಬಟ್ಟೆ ನೇಯುವವನಿಗೂ ಜೇಡ ಅಂದರು. ಬಸವಣ್ಣನವರಿಗಿಂತ ಮುಂಚಿನ ವಚನಕಾರ ಜೇಡರ ದಾಸಿಮಯ್ಯ, ಸುರಪುರ ಸೀಮೆಯ ಮುದನೂರಿನವರು. ಅವರ ಹೆಂಡತಿ ದುಗ್ಗಳೆಯೂ ವಚನ ಬರೆದವರು. ಗಂಡ ಹೆಂಡತಿ ಇಬ್ಬರೂ ಮಗ್ಗದ ಮನೆಯವರು, ಇಬ್ಬರೂ ಕವಿಗಳು. ಇನ್ನು ದೇವಾಂಗರ ಪುರಾಣ ಕೇಳಿದರೆ ಯಾವ ಇಂಗ್ಲಿಷ್ ಫ್ಯಾಂಟಸಿಯೂ ಬೇಡ. ಬಟ್ಟೆ ಇಲ್ಲದ ಲೋಕಕ್ಕೆ ಬಟ್ಟೆ ಕೊಡಲು ಶಿವನಿಂದ ಹುಟ್ಟಿದ ದೇವಲ ಮಹರ್ಷಿ, ವಿಷ್ಣುವಿನ ನಾಭಿಯ ತಾವರೆ ದಂಟಿನಿಂದ ನೂಲು ತರುತ್ತಾನೆ. ದಾರಿಯಲ್ಲಿ ರಾಕ್ಷಸರು ಅಡ್ಡ ಹಾಕುತ್ತಾರೆ, ಚೌಡೇಶ್ವರಿ ಬಂದು ಕಾಪಾಡುತ್ತಾಳೆ. ಫೈಟು, ಗ್ರಾಫಿಕ್ಸು ಎಲ್ಲ ರೆಡಿ ಇದೆ. ಪ್ರೊಡ್ಯೂಸರ್ ಒಬ್ಬರು ಬೇಕು ಅಷ್ಟೆ.

ಅಪ್ಪ ಕೇಳಿದ ಪ್ರಶ್ನೆ

ಅಮ್ಮ ಕಾಫಿ ಕೊಟ್ಟರು. ಅಪ್ಪ ಗುಂಡಿಯಿಂದ ಏಳಲಿಲ್ಲ. ಹಗ್ಗ ಕೈಯಲ್ಲಿ ಹಿಡಿದೇ ಮಾತಾಡಿದರು. ಮಗ ಕಥೆ ಬರೆದಿರುವುದು ಅವರಿಗೆ ಗೊತ್ತು.

“ಕತೇಲಿ ಆ ಜೇಡ್ರಿಗೆ ಹೊಟ್ಟೆಗೆ ಏನ್ ಸಿಕ್ತದೆ ಕಣಪ್ಪ?”

ಇನ್ನೂರು ಪುಟದಲ್ಲಿ ಅದೊಂದು ಇರಲಿಲ್ಲ. ನಾನು ಹುಡುಗನ ಮುಖ ನೋಡಿದೆ, ಹುಡುಗ ನೆಲ ನೋಡಿದ.

ಒಂದು ಸೀರೆಗೆ ಅವರಿಗೆ ಐದಾರು ದಿನ. ನೂಲು ಕೊಡುವವನು ಸಾಹುಕಾರ, ಸೀರೆ ಒಯ್ಯುವವನೂ ಸಾಹುಕಾರ, ಇವರದು ಬರೀ ಕೂಲಿ. ಮನೆಯಲ್ಲಿ ಇಬ್ಬರು ತಿಂಗಳೆಲ್ಲ ದುಡಿದದ್ದು, ಮಗನೊಬ್ಬ ಫ್ಯಾಕ್ಟರಿಯಲ್ಲಿ ಗಳಿಸುವ ಸಂಬಳದ ಅರ್ಧಕ್ಕೆ ಬಂದು ನಿಲ್ಲುತ್ತದೆ. ಸೀರೆಯಂಥ ಕೆಲವು ಬಗೆಯನ್ನು ಕೈಮಗ್ಗಕ್ಕೇ ಮೀಸಲಿಡಬೇಕು ಅಂತ 1985ರಲ್ಲೇ ಕಾನೂನು ಆಗಿದೆ. ಕಾನೂನೂ ಇದೆ, ಪಕ್ಕದ ಅಂಗಡಿಯಲ್ಲಿ ಪವರ್‌ಲೂಮ್ ಸೀರೆಯೂ ಇದೆ. ದೇಶದಲ್ಲಿ ಕೈಮಗ್ಗದ ಕೆಲಸದವರು 2009–10ರ ಗಣತಿಯಲ್ಲಿ 43 ಲಕ್ಷ, 2019–20ರ ಗಣತಿಯಲ್ಲಿ 35 ಲಕ್ಷ. ಹತ್ತು ವರ್ಷದಲ್ಲಿ ಎಂಟು ಲಕ್ಷ ಜನ ಬಿಲ ಬಿಟ್ಟು ಎದ್ದು ಹೋಗಿದ್ದಾರೆ. ಅವರನ್ನು ದ್ರೋಹಿಗಳು ಅನ್ನುವವರು ಒಂದು ದಿನ ಆ ಗುಂಡಿಯಲ್ಲಿ ಕೂತು ನೋಡಲಿ. ನಾನು ಕಾಲು ಗಂಟೆ ಕೂತೆ. ಬೆನ್ನು ನೆಟ್ಟಗಾಗಲು ಇಡೀ ದಿನ ಬೇಕಾಯಿತು.

“ಈ ಹಾಸು ಮುಗಿದ್ರೆ ಗುಂಡಿ ಮುಚ್ಚೋದೇ” ಅಂದರು ಅಪ್ಪ. “ಕಲ್ಲು ಹಾಸಿ ಸಿಮೆಂಟ್ ಬಳಿದ್ರೆ ಹಾಲ್ ಆಯ್ತದೆ. ಇವ್ನ ಮದ್ವೆಗೆ ಬಂದೋರು ಕೂರೋಕೆ ಜಾಗ ಬೇಡ್ವ? ಅದಕ್ಕೆ ನಂಗೆ ಬೇಜಾರಿಲ್ಲ ಕಣಪ್ಪ. ಇವ್ನು ಇದ್ರೊಳಗೆ ಇಳೀಬಾರ್ದು ಅಂತ ನಾನೇ ಮಗ್ಗದ ಹತ್ರ ಸೇರಿಸ್ಲಿಲ್ಲ.”

ಸ್ವಲ್ಪ ಹೊತ್ತು ಲಾಳಿ ಓಡಿತು. ಆಮೇಲೆ ಹೇಳಿದರು, “ಮೊನ್ನೆ ಹಬ್ಬಕ್ಕೆ ಬಂದಾಗ ಯಾರೋ ಫ್ಯಾಕ್ಟ್ರಿ ಸ್ನೇಯ್ತನ್ಗೆ ಫೋನಲ್ಲಿ ಹೇಳ್ತಿದ್ದ. ನಮ್ಮಪ್ಪ ಬಟ್ಟೆ ಅಂಗ್ಡಿ ಮಡಗವ್ರೆ ಅಂತ. ನಾನು ಇಲ್ಲೇ ಗುಂಡೀಲಿ ಕೂತಿದ್ದೆ. ಕತ್ಲೆ ಅಲ್ವ, ಕಂಡಿರಾಕಿಲ್ಲ.”

ಅಷ್ಟೇ. ಬೈಯಲಿಲ್ಲ, ಕಣ್ಣೀರು ಹಾಕಲಿಲ್ಲ. ಟಕ್, ಟಕ್. ಹುಡುಗ ಎದ್ದು ಹೊರಗೆ ಹೋದ.

ಸಿನಿಮಾದಲ್ಲಾದರೆ ಇಲ್ಲಿ ವಯಲಿನ್ ಬರುತ್ತಿತ್ತು. ನಮ್ಮ ಸಿನಿಮಾ ಈ ಗುಂಡಿಯನ್ನು ನೋಡಿದ್ದು ಕಡಿಮೆ. ಅಣ್ಣಾವ್ರು 1962ರಲ್ಲಿ ‘ಮಹಾತ್ಮ ಕಬೀರ್’ ಆದರು, ನೇಕಾರ ಸಂತನ ಪಾತ್ರ. ಆಮೇಲೆ ನಮ್ಮ ಪ್ರಕಾಶ್ ರೈ ತಮಿಳಿಗೆ ಹೋಗಿ ಪ್ರಕಾಶ್ ರಾಜ್ ಆಗಿ ಪ್ರಿಯದರ್ಶನ್ ಅವರ ‘ಕಾಂಚೀವರಂ’ನಲ್ಲಿ ನೇಕಾರನಾದರು. ಮಗಳ ಮದುವೆಗೆ ರೇಷ್ಮೆ ಸೀರೆ ನೇಯಲು ದಿನಾ ಒಂದಿಷ್ಟು ಎಳೆಯನ್ನು ಬಾಯಲ್ಲಿ ಬಚ್ಚಿಟ್ಟುಕೊಂಡು ತರುವ ನೇಕಾರ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಮಿಕ್ಕ ಸಿನಿಮಾಗಳಲ್ಲಿ ಹೀರೋಯಿನ್ ಉಟ್ಟ ಸೀರೆಯನ್ನು ಎಷ್ಟು ಕ್ಲೋಸಪ್ಪಿನಲ್ಲಿ ತೋರಿಸಿದರೂ ಅದನ್ನು ನೇಯ್ದ ಕೈ ಫ್ರೇಮಿನ ಹೊರಗೇ. ನಮ್ಮ ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅದೇ ಬದನವಾಳಿನಲ್ಲಿ ಕೂತು ಕೈಕೆಲಸದವರ ಪರ ಸತ್ಯಾಗ್ರಹ ಮಾಡಿದರು. ಅಂಕಣಕ್ಕೆ ಗಾಂಧಿ ಕ್ಲಾಸ್ ಅಂತ ಹೆಸರಿಟ್ಟುಕೊಂಡ ನಾನು ಅವತ್ತು ಆ ಕಡೆ ತಲೆ ಹಾಕಿರಲಿಲ್ಲ. ಎಲ್ಲಿದ್ದೆ ಅಂದರೆ ಬೆಂಗಳೂರಿನಲ್ಲಿ, ನನ್ನ ನಾಲ್ಕು ಕೈ ಕಟ್ಟಿಕೊಳ್ಳುವುದರಲ್ಲಿ!

ನನ್ನ ನಾಲ್ಕು ಕೈ

ಆ ರಾತ್ರಿ ಎದ್ದು ನೀರು ಕುಡಿದೆ ಅಂದೆನಲ್ಲ, ಕಾರಣ ಇದು. ಪಿಯುಸಿ ಅರ್ಧಕ್ಕೆ ಬಿಟ್ಟು ಗಾಂಧಿನಗರಕ್ಕೆ ಹೋದವನು ನಾನು. ಒಂದು ಕಚೇರಿಯಲ್ಲಿ ಅಸಿಸ್ಟೆಂಟ್ ಡೈರೆಕ್ಟರ್ ಕೆಲಸ, ಅಂದರೆ ಟೀ ತರುವ ಕೆಲಸ. ಮೊದಲನೇ ದಿನ ಏನೋ ಕೇಳಿದರು, ನಾನು “ಬುಡಿ ಸಾ, ಆಯ್ತದೆ” ಅಂದೆ. ಇಡೀ ಕಚೇರಿ ನಕ್ಕಿತು. ಅಂದಿನಿಂದ ನನ್ನ ಹೆಸರೇ ‘ಆಯ್ತದೆ’. “ಆಯ್ತದೆ, ಎರಡು ಟೀ!” “ಆಯ್ತದೆ, ಸಿಗರೇಟು!” ಆರು ತಿಂಗಳಲ್ಲಿ ನಾನು ‘ಬಿಡಿ ಸರ್, ಆಗತ್ತೆ’ ಕಲಿತೆ. ಊರು ಯಾವುದು ಅಂದರೆ ‘ಮೈಸೂರು’ ಅನ್ನುತ್ತಿದ್ದೆ. ಅವ್ವ ಫೋನ್ ಮಾಡಿದರೆ ಮೆಟ್ಟಿಲ ಕೆಳಗೆ ಹೋಗಿ ಪಿಸುಗುಟ್ಟುತ್ತಿದ್ದೆ. ಕೊನೆಗೆ ಒಂದು ದಿನ ಅವ್ವನೇ ಕೇಳಿತು, “ಯಾಕ್ಲ ಮಗ, ನೆಂಟ್ರ ಜೊತೇಲಿ ಮಾತಾಡ್ದಂಗೆ ಮಾತಾಡೀಯೆ?”

ಆ ಕೈ ಜೋಮು ಹಿಡಿದಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

2016ರಲ್ಲಿ ‘ತಿಥಿ’ ಬಿಡುಗಡೆಯಾಯಿತು. ಮಂಡ್ಯದ ನೊದೆಕೊಪ್ಪಲಿನ ಊರಿನವರೇ ನಟಿಸಿದ ಚಿತ್ರ. ಬೆಂಗಳೂರಿನ ಹವಾನಿಯಂತ್ರಿತ ಟಾಕೀಸಿನಲ್ಲಿ ಕೂತಿದ್ದೆ. ಪರದೆ ಮೇಲೆ ನಮ್ಮ ಸೀಮೆಯ ಮಾತು, ಬಣ್ಣ ಬಳಿಯದೆ, ಬೈಗುಳದ ಸಮೇತ. ನನ್ನನ್ನು ನೋಡಿ ನಕ್ಕಿದ್ದಂಥ ಜನ ಅವತ್ತು ಚಪ್ಪಾಳೆ ಹೊಡೆಯುತ್ತಿದ್ದರು. ವಿದೇಶದ ಲೊಕಾರ್ನೋ ಉತ್ಸವದಲ್ಲಿ ಅದಕ್ಕೆ ಮೊದಲೇ ಬಹುಮಾನ ಬಂದಿತ್ತು. ನನಗೆ ಖುಷಿಯ ಜೊತೆಗೆ ಸಿಟ್ಟೂ ಬಂತು. ನಾನು ಕಟ್ಟಿ ಸಾಯಿಸುತ್ತಿದ್ದ ಕೈಗೇ ಪ್ರಶಸ್ತಿ! ಮಾರನೇ ದಿನ ಕೆಲಸ ಬಿಟ್ಟೆ ಅಂತ ಬರೆದರೆ ಸಿನಿಮಾ ಆಗುತ್ತದೆ. ಬಿಡಲಿಲ್ಲ. ಸಂಬಳ ಬಾಕಿ ಇತ್ತು, ಮೂರು ತಿಂಗಳು ಕಾದೆ. ಆದರೆ ಅವತ್ತು ಸಂಜೆ ಅವ್ವನಿಗೆ ಫೋನ್ ಮಾಡಿದ್ದು ಮೆಟ್ಟಿಲ ಕೆಳಗಿಂದಲ್ಲ, ಕಚೇರಿಯ ನಡುಮಧ್ಯದಿಂದ. ಜೋರಾಗಿ.

ಹಾಗಂತ ನಾನು ಊರಿಗೆ ವಾಪಸ್ ಬಂದು ಹೊಲ ಉಳುತ್ತಿಲ್ಲ. ಈ ಅಂಕಣವನ್ನು ಅರ್ಧ ಪುಸ್ತಕದ ಕನ್ನಡದಲ್ಲಿ, ಅರ್ಧ ಬಾಯಿಮಾತಿನಲ್ಲಿ ಬರೆಯುತ್ತೇನೆ. ಆರೂ ಕೈ ಆಡಿಸಿಕೊಂಡು ಇದ್ದೇನೆ, ಅಷ್ಟೆ.

ನರಸೀಪುರದ ಸೇತುವೆ ಮೇಲೆ

ಸಂಜೆ ವಾಪಸ್ ಹೊರಟೆವು. ಹುಡುಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ನರಸೀಪುರದಲ್ಲಿ ನಂಜನಗೂಡಿನ ಬಸ್ ಹತ್ತಿದಾಗ ಅವನ ಫ್ಯಾಕ್ಟರಿಯ ಗೆಳೆಯನೊಬ್ಬ ಸಿಕ್ಕಿ ನಮ್ಮ ಪಕ್ಕದಲ್ಲೇ ಕೂತ. ರಾತ್ರಿ ಪಾಳಿಗೆ ಹೊರಟವನು.

“ಊರಿಗೋಗಿದ್ಯ? ನಿಮ್ಮಪ್ಪನ ಅಂಗ್ಡಿ ವ್ಯಾಪಾರ ಎಂಗದೆ?”

ಬಸ್ಸು ನದಿ ದಾಟುತ್ತಿತ್ತು. ಕಾವೇರಿ, ಕಪಿಲೆ ಎರಡೂ ಸೇರುವ ಊರದು. ಹುಡುಗ ನೀರನ್ನೇ ನೋಡುತ್ತಿದ್ದ. ಸೇತುವೆ ಮುಗಿಯುವವರೆಗೆ ಮಾತಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದ.

“ಅಂಗ್ಡಿ ಗಿಂಗ್ಡಿ ಏನಿಲ್ಲ ಕಣೋ. ಸುಳ್ಳು ಹೇಳ್ದೆ. ನಮ್ಮಪ್ಪ ಸೀರೆ ನೇಯ್ತಾರೆ. ಗುಂಡಿ ಮಗ್ಗ.”

ನಾನು ಉಸಿರು ಬಿಗಿಹಿಡಿದೆ. ಈಗ ನಗುತ್ತಾನೆ, ಈಗ ‘ಆಯ್ತದೆ’ ಅಂತ ಅಡ್ಡಹೆಸರು ಇಡುತ್ತಾನೆ ಅಂತ ಕಾದೆ. ಆ ಗೆಳೆಯ ಅರ್ಧ ನಿಮಿಷ ಹುಡುಗನ ಮುಖ ನೋಡಿದ.

“ಕೈಲೇ ನೇಯ್ತಾರಾ? ಮೊದ್ಲೇ ಹೇಳಾಕಿಲ್ವ! ನನ್ ತಂಗಿ ಮದ್ವೆ ಬತ್ತಾ ಅದೆ. ಧಾರೆ ಸೀರೆ ಒಂದು ನೇಯ್ಕೊಡ್ತಾರಾ ಕೇಳು. ಸಾಹುಕಾರನ್ಗೆ ಬುಟ್ಟು ನಿಮ್ಮಪ್ಪನ್ಗೇ ದುಡ್ ಕೊಟ್ಬುಡ್ತೀನಿ.”

ಹುಡುಗ ನಗಬೇಕೋ ಅಳಬೇಕೋ ಗೊತ್ತಾಗದೆ ನನ್ನ ಕಡೆ ನೋಡಿದ. ಇನ್ನೂರು ಪುಟದಲ್ಲಿ ಇಂಥದ್ದೊಂದು ಸೀನ್ ಅವನಿಗೆ ಹೊಳೆದಿರಲಿಲ್ಲ. ಊರ್ಣ ಶರಟಿನ ಗುಂಡಿ ಬಿಚ್ಚಿದರೆ ಎದುರಿಗಿದ್ದವನು ಚಪ್ಪಲಿ ತೆಗೆಯುತ್ತಾನೆ ಅಂತಲೇ ಬರೆದಿದ್ದ. ತೆಗೆಯುವವರು ಇದ್ದಾರೆ, ನಾನು ಕಂಡಿದ್ದೇನೆ. ಆದರೆ ಎಲ್ಲರೂ ತೆಗೆಯುವುದಿಲ್ಲ. ಅದು ಗೊತ್ತಾಗಬೇಕಾದರೆ ಒಂದು ಸಲ ಗುಂಡಿ ಬಿಚ್ಚಬೇಕು.

ಅಪ್ಪ ಒಪ್ಪಿದ್ದಾರೆ. ಇನ್ನೊಂದು ಹಾಸು ಏರಿದೆ. ಒಂದು ಸೀರೆಯಿಂದ ಮಗ್ಗ ಉಳಿಯುತ್ತದೆಯೇ? ಇಲ್ಲ ಮಿತ್ರರೇ, ನಿಮ್ಮನ್ನು ಯಾಮಾರಿಸುವುದಿಲ್ಲ. ಒಂದು ಸೀರೆಯ ದುಡ್ಡಿನಲ್ಲಿ ಮನೆ ನಡೆಯುವುದಿಲ್ಲ. ಆ ಹಾಸು ಮುಗಿದ ಮೇಲೆ ಗುಂಡಿ ಮುಚ್ಚಬಹುದು, ಹಾಲ್ ಆಗಬಹುದು, ಮದುವೆಗೆ ಬಂದವರು ಅದರ ಮೇಲೆ ಕೂತು ಊಟ ಮಾಡಬಹುದು. ಮಾಡಲಿ. ಹುಡುಗ ಮೇಲೆ ಬಂದದ್ದು ತಪ್ಪಲ್ಲ, ಅವನನ್ನು ಮೇಲೆ ಕಳಿಸಿದ್ದು ಅಪ್ಪನೇ. ತಪ್ಪಾಗಿದ್ದು ಫೋನಿನಲ್ಲಿ ಆಡಿದ ಆ ಒಂದು ಮಾತು. ಅದನ್ನು ಅವನು ನರಸೀಪುರದ ಬಸ್ಸಿನಲ್ಲಿ ವಾಪಸ್ ತೆಗೆದುಕೊಂಡ. ಗುಂಡಿ ಮುಚ್ಚಿದರೂ ಅಲ್ಲೊಂದು ಗುಂಡಿ ಇತ್ತು, ಅದರಲ್ಲಿ ನಮ್ಮಪ್ಪ ಕೂತಿದ್ದ ಅಂತ ಮದುವೆಗೆ ಬಂದವರಿಗೆ ಅವನು ಹೇಳಿದರೆ ಸಾಕು.

ನಂಜನಗೂಡಿನಲ್ಲಿ ಇಳಿಯುವಾಗ ನೋಟ್‌ಬುಕ್ ವಾಪಸ್ ಕೊಡಲು ಹೋದೆ. “ಇಟ್ಕೊಳಿ ಅಣ್ಣ. ಮೊದ್ಲಿಂದ ಬರೀತೀನಿ” ಅಂದ. “ಜೇಡ್ರು ಏನ್ ಊಟ ಮಾಡ್ತಾರೆ ಅನ್ನೋದ್ರಿಂದ ಶುರು ಮಾಡ್ತೀನಿ.”

ಕ್ಲೈಮ್ಯಾಕ್ಸ್ ಇನ್ನೂ ಖಾಲಿ ಇದೆ. ನಿಮ್ಮಲ್ಲಿ ಎಷ್ಟು ಜನ ಶರಟಿನೊಳಗೆ ಕೈ ಕಟ್ಟಿಕೊಂಡು ಓಡಾಡುತ್ತಿದ್ದೀರೋ ನನಗೆ ಗೊತ್ತಿಲ್ಲ. ಅಪ್ಪ ಏನು ಕೆಲಸ ಮಾಡುತ್ತಾರೆ ಅಂದರೆ ‘ಬಿಸಿನೆಸ್’ ಅನ್ನುವವರು, ಊರು ಯ���ವುದು ಅಂದರೆ ಪಕ್ಕದ ದೊಡ್ಡ ಊರಿನ ಹೆಸರು ಹೇಳುವವರು, ಒಂದು ಕಾರ್ಡು ಬರೆಯಿರಿ. ಊರ್ಣ ಕೊನೆಗೆ ಏನು ಮಾಡಬೇಕು ಅಂತ ಬರೆಯಿರಿ. ಚೆನ್ನಾಗಿರುವುದನ್ನು ಆ ಹುಡುಗನಿಗೆ ತಲುಪಿಸುವ ಜವಾಬ್ದಾರಿ ನನ್ನದು. ಟ್ರಂಕಿಗೆ ಹಾಕುವುದಿಲ್ಲ, ಶ್ರೀಕಂಠೇಶ್ವರನ ಆಣೆ!

ಮುಂದಿನ ವಾರ ಸಿಗೋಣ. ಅಲ್ಲೀತಂಕ ಬತ್ತೀನಿ.